ಹಳೆಯ ಸ್ಟೀರಿಯೊದ ಸಿಡಿ ಪ್ಲೇಯರ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೊ ಹಾಡುತ್ತದೆ, ಕ್ಯಾಸೆಟ್ ಹೇಗೋ ತಿರುಗುತ್ತದೆ, ಸಿಡಿ ಮಾತ್ರ ಓದುವುದಿಲ್ಲ. ಎಂಬತ್ತು, ತೊಂಬತ್ತರ ದಶಕದ ಸ್ಟೀರಿಯೊ ಇಟ್ಟುಕೊಂಡವರು ಹೇಳುವ ಕಷ್ಟ ಬಹುತೇಕ ಇದೇ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ತೋರಿಸಿದ್ವಿ, ಲೇಸರ್ ಹೋಗಿದೆ ಅಂದ್ರು." ಇಂಥ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ ಮೇಲೆ ಆ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಲೇಸರ್ ಸಾಯುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲೇ ಗ್ರೀಸ್ ಗಟ್ಟಿಯಾಗಿರುತ್ತದೆ, ಬೆಲ್ಟ್ ಹಿಗ್ಗಿರುತ್ತದೆ, ಲೆನ್ಸಿನ ಮೇಲೆ ಧೂಳು ಕೂತಿರುತ್ತದೆ, ಸ್ವಿಚ್ಚಿನ ತಗಡಿಗೆ ಕಿಲುಬು ಹಿಡಿದಿರುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಅನುಮಾನದಿಂದಲೇ ಹೊರಟವು.

ಡಿಸ್ಕ್ ಹಾಕಿದರೆ "ನೋ ಡಿಸ್ಕ್" ಎಂದು ತೋರಿಸುತ್ತದೆ. ಲೇಸರ್ ಹೋಗಿದೆ ಎಂದೇ ತಾನೇ?

ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಟ್ರೇ ಒಳಗೆ ಹೋದ ಮೇಲೆ ಪ್ಲೇಯರ್ ಒಂದಾದ ಮೇಲೊಂದು ಕೆಲಸ ಮಾಡುತ್ತದೆ. ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ರಿಪೇರಿ ಆದಂತೆಯೇ.

ಮೇಲಿನ ಮುಚ್ಚಳ ತೆಗೆದು, ಡಿಸ್ಕ್ ಇಲ್ಲದೆಯೇ ಟ್ರೇ ಮುಚ್ಚಿಸಿ, ಪಕ್ಕದಿಂದ ಓರೆಯಾಗಿ ನೋಡಿ. ಮೊದಲಿಗೆ ಲೆನ್ಸ್ ಹೊತ್ತ ಪಿಕಪ್ ಕಂಬಿಯ ಮೇಲೆ ಜಾರಿ ನಡುವಿನ ಮೋಟಾರಿನ ಕಡೆಗೆ ಬರಬೇಕು. ಸಿಡಿಯನ್ನು ಗ್ರಾಮಫೋನ್ ತಟ್ಟೆಯ ಹಾಗಲ್ಲ, ಒಳಗಿನಿಂದ ಹೊರಕ್ಕೆ ಓದುವುದು. ಒಳ ಅಂಚಿನಲ್ಲೇ ಹಾಡುಗಳ ಪಟ್ಟಿ ಇರುವುದು. ಪಿಕಪ್ ಒಳಗೆ ಬಂದು ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಮೇಲೆ ಲೆನ್ಸ್ ಎರಡು ಮೂರು ಸಲ ಮೇಲೆ ಕೆಳಗೆ ತಲೆಯಾಡಿಸುತ್ತದೆ. ಇದು ಫೋಕಸ್ ಹುಡುಕಾಟ. ಅದೇ ಹೊತ್ತಿಗೆ ಲೆನ್ಸಿನ ಆಳದಲ್ಲಿ ತೀರಾ ಮಂಕಾದ ಕೆಂಪು ಚುಕ್ಕೆ ಕಾಣಿಸಬಹುದು. ಡಿಸ್ಕ್ ಇದ್ದಿದ್ದರೆ ಈಗ ಫೋಕಸ್ ಹಿಡಿದು, ಮೋಟಾರ್ ಡಿಸ್ಕನ್ನು ತಿರುಗಿಸಿ, ಪಟ್ಟಿ ಓದಿ, ಹಾಡುಗಳ ಸಂಖ್ಯೆಯನ್ನೂ ಒಟ್ಟು ಸಮಯವನ್ನೂ ಡಿಸ್‌ಪ್ಲೇಯಲ್ಲಿ ತೋರಿಸಬೇಕು.

ಇನ್ನು ನಿಮ್ಮ ಯಂತ್ರ ಏನು ಮಾಡಿತು ಎಂದು ಹೋಲಿಸಿ ನೋಡಿ. ಪಿಕಪ್ ಕದಲದೆ ಕಟಕಟ ಸದ್ದು ಮಾತ್ರ ಬಂದರೆ ಗ್ರೀಸ್ ಅಂಟಾಗಿದೆ, ಇಲ್ಲವೇ ಹಲ್ಲುಚಕ್ರ ಸೀಳಿದೆ. ಒಳಗೆ ಬಂದು ಅಂಚಿಗೆ ತಗುಲಿದ ಮೇಲೂ ಮೋಟಾರ್ ಗುದ್ದಾಡುತ್ತಲೇ ಇದ್ದರೆ ಆ ಪುಟ್ಟ ಸ್ವಿಚ್ಚನ್ನು ನೋಡಿ. ಲೆನ್ಸ್ ತಲೆಯಾಡಿಸದಿದ್ದರೆ ರಿಬ್ಬನ್ ಕೇಬಲ್ ಸಡಿಲವೋ ತುಂಡೋ ಆಗಿರಬಹುದು. ಫೋಕಸ್ ಸಿಕ್ಕಿತು, ಡಿಸ್ಕ್ ಅರೆಸುತ್ತು ತಿರುಗಿ ನಿಂತಿತು ಎಂದಾದರೆ ಮೋಟಾರಿನ ಮೇಲೆ ಅನುಮಾನ. ಎಲ್ಲವೂ ಸರಿಯಾಗಿ ನಡೆದು ಕೊನೆಗೆ ಓದಲಾಗದೆ ಸೋತರೆ, ಮೊದಲು ಲೆನ್ಸ್ ಒರೆಸಿ. ಲೇಸರಿನ ಸರದಿ ಅದಾದ ಮೇಲೆ.

ಕೆಲವು ಪ್ಲೇಯರುಗಳು ಡಿಸ್ಕ್ ಇಲ್ಲವೆಂದು ಟ್ರೇಯಲ್ಲೇ ಕಂಡುಕೊಂಡು ಹುಡುಕಾಟವನ್ನೇ ಶುರುಮಾಡುವುದಿಲ್ಲ. ಅಂಥದ್ದಾದರೆ ಡಿಸ್ಕ್ ಹಾಕಿಯೇ, ಸಂದಿಯಿಂದ ಇಣುಕಬೇಕು.

ಮುಚ್ಚಳ ತೆಗೆದು ಲೇಸರ್ ನೋಡುವುದು ಕಣ್ಣಿಗೆ ಅಪಾಯವಲ್ಲವೆ?

ನೇರವಾಗಿ ಮೇಲಿನಿಂದ ಲೆನ್ಸಿನೊಳಗೆ ನೋಡಿದರೆ ಅಪಾಯ. ಸಿಡಿ ಲೇಸರಿನ ಬೆಳಕು 780 ನ್ಯಾನೋಮೀಟರಿನದು, ಕಣ್ಣಿಗೆ ಹೆಚ್ಚೂಕಡಿಮೆ ಕಾಣದ ಇನ್‌ಫ್ರಾರೆಡ್. ಮಂಕಾಗಿ ಕಂಡದ್ದು ಮಂಕಾಗಿಯೇ ಇದೆ ಎಂದುಕೊಳ್ಳುವುದೇ ಇಲ್ಲಿನ ಮೋಸ. ಒಂದು ಅಡಿಗಿಂತ ದೂರದಲ್ಲಿ, ಓರೆಯಾಗಿ ನೋಡಿ. ಭೂತಗನ್ನಡಿಯಲ್ಲಂತೂ ಎಂದಿಗೂ ಬೇಡ. ಇನ್ನೂ ಒಳ್ಳೆಯ ಉಪಾಯ, ಮೊಬೈಲ್ ಕ್ಯಾಮೆರಾ ಹಿಡಿದು ಪರದೆಯಲ್ಲಿ ನೋಡುವುದು. ಹಲವು ಮೊಬೈಲುಗಳ ಮುಂದಿನ ಕ್ಯಾಮೆರಾಕ್ಕೆ ಈ ಬೆಳಕು ಕಾಣುತ್ತದೆ.

ನನಗೆ ಲೇಸರಿಗಿಂತ ಹೆಚ್ಚು ಭಯ ಕರೆಂಟಿನದು. ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಸ್ಟೀರಿಯೊಗಳಲ್ಲಿ ಟ್ರಾನ್ಸ್‌ಫಾರ್ಮರ್, ಫ್ಯೂಸ್, ಸ್ವಿಚ್ ಎಲ್ಲ ಕೈಗೆ ತಾಗುವಷ್ಟು ಹತ್ತಿರ ಇರುತ್ತವೆ. ಕೈಯಿಂದ ಏನನ್ನೇ ಮುಟ್ಟುವುದಿದ್ದರೂ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರುಗಳು ಬರಿದಾಗಲು ಕೆಲವು ನಿಮಿಷ ಬಿಟ್ಟು, ಮೀಟರಿನಲ್ಲಿ ನೋಡಿ ಆಮೇಲೆ ಮುಟ್ಟಿ.

ಲೆನ್ಸ್ ಒರೆಸುವುದು ಹೇಗೆ?

ಹತ್ತಿ ಸುತ್ತಿದ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಒಳ್ಳೆಯ ಬೆಳಕು, ನಡುಗದ ಕೈ. ಬೇಕಾದದ್ದು ಇಷ್ಟೇ.

ಮೊದಲು ಗಾಳಿ ಊದುವ ರಬ್ಬರ್ ಬುಗ್ಗೆಯಿಂದ ಸಡಿಲ ಧೂಳು ಹಾರಿಸಿ. ಬಾಯಿಂದ ಊದಿದರೆ ಎಂಜಲ ಹನಿ ಲೆನ್ಸಿನ ಮೇಲೇ ಕೂರುತ್ತದೆ. ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಬರೀ ತೇವ ಉಳಿಸಿ. ದ್ರವ ತೊಟ್ಟಿಕ್ಕಿದರೆ ಲೆನ್ಸಿನ ಸುತ್ತ ಇಳಿದು ಕೆಳಗಿನ ಕನ್ನಡಿಯ ಮೇಲೆ ಕಲೆ ಕಟ್ಟುತ್ತದೆ, ಆ ಕಲೆ ತೆಗೆಯುವುದು ದೊಡ್ಡ ತಲೆನೋವು. ಲೆನ್ಸ್ ನಾಲ್ಕು ಕೂದಲೆಳೆ ತಂತಿಯ ಮೇಲೋ ತೆಳು ಹಾಳೆಯ ಮೇಲೋ ತೂಗುತ್ತಿರುತ್ತದೆ. ಕಡ್ಡಿ ತಾಗಿದೊಡನೆ ಸ್ವಲ್ಪ ತಗ್ಗಿ, ಬಿಟ್ಟೊಡನೆ ಮೇಲೇಳುತ್ತದೆ. ಅಷ್ಟು ತಗ್ಗಿದರೆ ಸಾಕು, ಅದಕ್ಕಿಂತ ಹೆಚ್ಚು ಒತ್ತಬಾರದು. ನಡುವಿನಿಂದ ಅಂಚಿಗೆ ಸುರುಳಿಯಾಗಿ ಒಂದು ಸಲ ಒರೆಸಿ, ಒಣ ಕಡ್ಡಿಯಿಂದ ಇನ್ನೊಂದು ಸಲ. ಒರೆಸುವ ಮುಂಚೆ ಹೊಗೆ ಹಿಡಿದ ಕಿಟಕಿ ಗಾಜಿನಂತಿದ್ದ ಲೆನ್ಸ್, ಒರೆಸಿದ ಮೇಲೆ ದೀಪದಡಿ ನೀಲಿ ಛಾಯೆಯಿಂದ ಹೊಳೆಯಬೇಕು. ಸಿಗರೇಟು ಸೇದುವವರ ಮನೆಯ ಪ್ಲೇಯರಾದರೆ ಕಡ್ಡಿ ಕಂದು ಬಣ್ಣಕ್ಕೆ ತಿರುಗುವುದನ್ನೂ ನೋಡುತ್ತೀರಿ.

ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್ ಹತ್ತಿರಕ್ಕೂ ತರಬೇಡಿ. ಲೆನ್ಸ್ ಪ್ಲಾಸ್ಟಿಕ್ಕಿನದಾಗಿದ್ದರೆ ಒಂದೇ ಒರೆಸಿಗೆ ಮಬ್ಬಾಗುತ್ತದೆ.

ಬ್ರಷ್ ಅಂಟಿಸಿರುವ ಕ್ಲೀನರ್ ಡಿಸ್ಕ್ ಸಾಲದೆ?

ತೆಳು ಧೂಳಿಗೆ ಸಾಕು. ಜಿಡ್ಡಿಗೆ ಸಾಲದು. ಫೋಕಸ್ಸೇ ಹಿಡಿಯದ ಪ್ಲೇಯರ್ ಆ ಡಿಸ್ಕನ್ನು ತಿರುಗಿಸುವುದೇ ಇಲ್ಲ, ಹಾಗಾಗಿ ಬೇಕಾದ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದು ಅಪರೂಪ.

ಟ್ರೇ ಹೊರಗೆ ಬರುವುದಿಲ್ಲ. ಬಂದರೂ ತಾನೇ ಒಳಗೆ ಹೋಗುತ್ತದೆ. ಏನಾಗಿದೆ?

ಹತ್ತಕ್ಕೆ ಒಂಬತ್ತು ಸಲ ಬೆಲ್ಟ್. ಟ್ರೇ ನಡೆಸುವ ಮೋಟಾರಿನಿಂದ ಹಲ್ಲುಚಕ್ರಕ್ಕೆ ಸಣ್ಣ ರಬ್ಬರ್ ಬೆಲ್ಟ್ ಇರುತ್ತದೆ, ಹೆಚ್ಚಾಗಿ ಚೌಕ ಅಂಚಿನದು. ವರ್ಷಗಳು ಕಳೆದಂತೆ ಹಿಗ್ಗಿ, ಮೈ ನುಣುಪಾಗಿ ಜಾರತೊಡಗುತ್ತದೆ. ಬಟನ್ ಒತ್ತಿದಾಗ ಮೋಟಾರ್ ಗುಂಯ್ ಎಂದು ತಿರುಗುವ ಸದ್ದು ಕೇಳಿ, ಟ್ರೇ ಕದಲದಿದ್ದರೆ ಇದೇ ಕಾಯಿಲೆ. ಟ್ರೇಯನ್ನು ಬೆರಳಿಂದ ಸ್ವಲ್ಪ ಎಳೆದೊಡನೆ ಹೊರಬಂದರಂತೂ ಇನ್ನೇನೂ ನೋಡಬೇಕಿಲ್ಲ.

ಟ್ರೇ ಪೂರ್ತಿ ಬಂದ ಮೇಲೆ ಒಂದು ಸ್ವಿಚ್ ಒತ್ತಿಹೋಗಿ "ಬಂತು" ಎಂದು ತಿಳಿಸಬೇಕು. ಬೆಲ್ಟಿಗೆ ಅಷ್ಟು ದೂರ ತಳ್ಳುವ ತ್ರಾಣವಿಲ್ಲದಿದ್ದರೆ, ಏನೋ ಅಡ್ಡ ಬಂದಿದೆ ಎಂದು ತಿಳಿದು ಯಂತ್ರ ಟ್ರೇಯನ್ನು ವಾಪಸ್ ಎಳೆದುಕೊಳ್ಳುತ್ತದೆ. ತಾನೇ ಒಳಹೋಗುವುದರ ಗುಟ್ಟು ಇದು. ಬೆಲ್ಟ್ ಹೊಸದಿದ್ದೂ ಹೀಗಾದರೆ ಸ್ವಿಚ್ಚಿನ ತಗಡನ್ನು ಆಲ್ಕೋಹಾಲ್ ತೇವ ಮಾಡಿದ ದಪ್ಪ ಕಾಗದದ ಚೂರಿನಿಂದ ಉಜ್ಜಿ.

ಹೊಸ ಬೆಲ್ಟಿಗೆ ಅಳತೆ ತೆಗೆಯುವಾಗ ಹಳೆಯದನ್ನು ನಂಬಬೇಡಿ, ಅದು ಹಿಗ್ಗಿರುತ್ತದೆ. ಚಕ್ರಗಳ ಸುತ್ತ ದಾರ ಸುತ್ತಿ ಉದ್ದ ಅಳೆದು, ಅದಕ್ಕಿಂತ ಸ್ವಲ್ಪವೇ ಚಿಕ್ಕದು ತರಿಸಿ. ತೀರಾ ಬಿಗಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ. ಹಳೆಯ ಬೆಲ್ಟನ್ನು ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ತುಸು ಕುಗ್ಗುತ್ತದೆ. ಹೊಸದು ಕೈಸೇರುವ ತನಕ ಕೆಲಸ ಓಡಿಸಲು ಅಡ್ಡಿಯಿಲ್ಲ.

ಬೆಲ್ಟ್ ಕರಗಿ ಡಾಂಬರಿನಂತಾಗಿದೆ. ಕೈಗೆಲ್ಲ ಮೆತ್ತಿಕೊಂಡಿತು.

ಕೆಲವು ರಬ್ಬರಿನ ಹಣೆಬರಹವೇ ಅದು. ಕೈಗವಸು ಹಾಕಿಕೊಂಡು, ಮರದ ಕಡ್ಡಿಯಿಂದ ದಪ್ಪ ಭಾಗ ಕೆರೆದು, ಉಳಿದದ್ದನ್ನು ಆಲ್ಕೋಹಾಲಿನಲ್ಲಿ ಒರೆಸಿ. ಚಕ್ರದ ತೋಡಿನಲ್ಲಿ ಎಳೆಯಷ್ಟು ಉಳಿದರೂ ಹೊಸ ಬೆಲ್ಟ್ ಅಲ್ಲೇ ಅಂಟಿಕೊಳ್ಳುತ್ತದೆ. ಹಾಕಿಕೊಂಡ ಅಂಗಿ ಹಳೆಯದಾಗಿರಲಿ.

ಮೊದಲ ಹಾಡುಗಳು ಚೆನ್ನಾಗಿ ಬರುತ್ತವೆ, ಕೊನೆಯ ಹಾಡುಗಳಲ್ಲಿ ಎಗರುತ್ತದೆ. ಕೆಲವೊಮ್ಮೆ ಇದೇ ತಿರುಗಾಮುರುಗಾ. ಯಾಕೆ?

ಇದು ನನಗೆ ಬಲು ಇಷ್ಟದ ಪ್ರಶ್ನೆ. ಎಲ್ಲಿ ಎಗರುತ್ತದೆ ಎನ್ನುವುದರಲ್ಲೇ ಉತ್ತರ ಇರುತ್ತದೆ.

ಲೆನ್ಸಿನ ಕೆಳಗೆ ಹಾಡಿನ ಸಾಲು ಎಲ್ಲೆಡೆ ಒಂದೇ ವೇಗದಲ್ಲಿ, ಸೆಕೆಂಡಿಗೆ 1.2ರಿಂದ 1.4 ಮೀಟರಿನಂತೆ ಓಡಬೇಕು. ಅದಕ್ಕಾಗಿ ಡಿಸ್ಕ್ ಒಳಭಾಗದಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿನಲ್ಲಿ ಸುಮಾರು 200 ಸುತ್ತು ಹಾಕುತ್ತದೆ. ಅಂದರೆ ಮೋಟಾರಿಗೆ ಹೆಚ್ಚು ಶ್ರಮ ಮೊದಲ ಹಾಡಿನಲ್ಲೇ. ಮೋಟಾರ್ ಸೋತಿದ್ದರೆ ಶುರುವಿನಲ್ಲಿ ತಡವರಿಸಿ, ಮುಂದೆ ಹೋದಂತೆ ಸುಧಾರಿಸಿಕೊಳ್ಳುತ್ತದೆ. ಹೊರ ಅಂಚಿನಲ್ಲಿ ಕಷ್ಟ ಬೇರೆ ಥರದ್ದು. ಡಿಸ್ಕ್ ಸ್ವಲ್ಪ ಬಾಗಿದ್ದರೂ ಅಲ್ಲಿ ಹೆಚ್ಚು ತೂಗಾಡುತ್ತದೆ, ಮೋಟಾರಿನ ಮೇಲಿನ ತಟ್ಟೆ ವಾಲಿದ್ದರೂ ಅಷ್ಟೆ. ಜೊತೆಗೆ ಕಂಬಿಯ ಹೊರತುದಿಯವರೆಗೆ ಪಿಕಪ್ ಹೋಗುವುದೇ ಅಪರೂಪವಾದ್ದರಿಂದ ಅಲ್ಲಿ ಗ್ರೀಸ್ ಮೇಣದಂತೆ ಕೂತಿರುತ್ತದೆ.

ಯಾವ ಡಿಸ್ಕ್ ಹಾಕಿದರೂ ಅದೇ ನಿಮಿಷಕ್ಕೆ, ಉದಾಹರಣೆಗೆ 23ನೇ ನಿಮಿಷದ ಆಸುಪಾಸಿನಲ್ಲಿ, ಸಿಕ್ಕಿಕೊಂಡರೆ ಹಲ್ಲುಚಕ್ರವನ್ನು ದೀಪ ಹಿಡಿದು ನೋಡಿ. ಒಂದು ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಸೀಳು ಇರುತ್ತದೆ, ಅಥವಾ ಎರಡು ಹಲ್ಲುಗಳ ನಡುವೆ ಸಾಸಿವೆ ಕಾಳಿನಷ್ಟು ಕಸ. ಡಿಸ್ಕಿನ ಮೇಲಿನ ಹಾಡಿನ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್ ಎಂಬುದು ನೆನಪಿದ್ದರೆ ಆ ಕಾಳು ಯಾವ ಗಾತ್ರದ ಬಂಡೆ ಎಂದು ಅಂದಾಜಾದೀತು.

ಮದ್ದು ಸರಳ: ಹಳೆಯ ಗ್ರೀಸ್ ಪೂರ್ತಿ ಒರೆಸಿ ತೆಗೆಯಿರಿ, ಉಕ್ಕಿನ ಕಂಬಿಗೆ ತೆಳು ಯಂತ್ರದೆಣ್ಣೆ ಸವರಿ, ಪ್ಲಾಸ್ಟಿಕ್ ಹಲ್ಲುಗಳಿಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸ್ ಚಿಟಿಕೆಯಷ್ಟು ಹಚ್ಚಿ. ಹಳೆಯದರ ಮೇಲೇ ಹೊಸದು ಹಚ್ಚಿದರೆ ಎರಡೂ ಸೇರಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಹನಿ ಲೆನ್ಸಿನ ಮೇಲೂ ಕೂರುತ್ತದೆ, ದಯವಿಟ್ಟು ಬೇಡ.

ಡಿಸ್ಕ್ ತಿರುಗಿಸುವ ಮೋಟಾರ್ ಸೋತಿದೆ ಎಂದು ಹೇಗೆ ತಿಳಿಯುವುದು?

ಬ್ರಷ್ ಇರುವ ಸಣ್ಣ ಮೋಟಾರಾದರೆ, ಅದರ ಎರಡು ತಂತಿ ಬಿಡಿಸಿ ಮಲ್ಟಿಮೀಟರನ್ನು ಕಡಿಮೆ ಓಮ್‌ಗೆ ಇಟ್ಟು, ತಟ್ಟೆಯನ್ನು ಬೆರಳಿಂದ ನಿಧಾನ ತಿರುಗಿಸಿ. ಓದು ಹೆಚ್ಚೂಕಡಿಮೆ ಸ್ಥಿರವಾಗಿರಬೇಕು. ಒಂದು ಕಡೆ ಥಟ್ಟನೆ ನೂರಾರಕ್ಕೆ ಏರಿದರೆ ಒಳಗೆ ಮಸಿ ಕಟ್ಟಿದೆ. ಬದಲಿಸುವುದೇ ಲೇಸು. ಆದರೆ ಮೇಲಿನ ತಟ್ಟೆಯನ್ನು ಕೀಳುವ ಮುಂಚೆ, ಅದು ಮೋಟಾರಿನ ತಳದಿಂದ ಎಷ್ಟು ಎತ್ತರದಲ್ಲಿದೆ ಎಂದು ಕ್ಯಾಲಿಪರ್ ಹಿಡಿದು ಬರೆದಿಟ್ಟುಕೊಳ್ಳಿ. ಲೆನ್ಸಿಗೆ ಮೇಲೆ ಕೆಳಗೆ ಆಡಲು ಇರುವುದು ಒಂದೆರಡು ಮಿಲಿಮೀಟರ್ ಜಾಗ. ತಟ್ಟೆ ಅರ್ಧ ಮಿಲಿಮೀಟರ್ ಮೇಲೋ ಕೆಳಗೋ ಕೂತರೆ ಹೊಸ ಮೋಟಾರ್ ಹಾಕಿಯೂ ಫೋಕಸ್ ಸಿಗದೆ ಪರದಾಡಬೇಕಾಗುತ್ತದೆ.

ಪಿಕಪ್ ಪಕ್ಕದಲ್ಲಿ ಒಂದು ಪುಟಾಣಿ ಸ್ಕ್ರೂ ಇದೆಯಲ್ಲ, ಅದನ್ನು ತಿರುಗಿಸಿದರೆ ಸರಿಹೋಗುತ್ತದಂತೆ?

ಈ "ಅಂತೆ"ಯಿಂದ ಎಷ್ಟು ಪಿಕಪ್‌ಗಳು ಸತ್ತಿವೆಯೋ! ಅದು ಲೇಸರಿಗೆ ಹೋಗುವ ಕರೆಂಟನ್ನು ಹೊಂದಿಸುವ ಪ್ರೀಸೆಟ್. ತಿರುಗಿಸಿದರೆ ಬೆಳಕು ಹೆಚ್ಚಿ, ಮಂಕು ಲೆನ್ಸಿನ ಮೂಲಕವೂ ಓದುತ್ತದೆ, ನಿಜ. ಅದಕ್ಕೇ ಜನ ಮೋಸ ಹೋಗುವುದು. ಹೆಚ್ಚಿದ ಕರೆಂಟಿನಲ್ಲಿ ಡಯೋಡ್ ಬೇಗ ಸುಟ್ಟುಹೋಗುತ್ತದೆ.

ಮೊದಮೊದಲು ನಾನೂ ಮಾಡಿದೆ. ಆಗ ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇರಲಿಲ್ಲ, ಧೈರ್ಯ ಮಾತ್ರ ಬೇಕಾದಷ್ಟಿತ್ತು. ಕಾಲು ಸುತ್ತು ತಿರುಗಿಸಿದೆ, ಹಾಡಿತು. ಇನ್ನೂ ಚೂರು ಎಂದು ಮತ್ತೆ ತಿರುಗಿಸಿದೆ. ಎರಡನೇ ಹಾಡಿನ ನಡುವೆ ನಿಂತದ್ದು ಮತ್ತೆ ಏಳಲೇ ಇಲ್ಲ. ಆಮೇಲೆ ಲೆನ್ಸಿನ ಮೇಲೆ ದೀಪ ಬಿಟ್ಟು ನೋಡಿದರೆ ಧೂಳಿನ ತೆಳು ಪೊರೆ. ಒರೆಸಿದ್ದರೆ ಸಾಕಿತ್ತು.

ಸರಿಯಾದ ಕ್ರಮವೆಂದರೆ ಸರ್ವಿಸ್ ಮ್ಯಾನ್ಯುಯಲ್ ಹೇಳುವ, ಡಿಸ್ಕಿನಿಂದ ಓದಿದ ಸಂಕೇತ ಸಿಗುವ ಆರ್‌ಎಫ್ ಟೆಸ್ಟ್ ಪಾಯಿಂಟಿಗೆ ಸ್ಕೋಪ್ ಹಚ್ಚಿ, ತೆರೆಯ ಮೇಲೆ ವಜ್ರಾಕಾರದ ಕಣ್ಣುಗಳ ಸಾಲು ಸ್ಪಷ್ಟವಾಗಿ ಕಾಣುತ್ತದೆಯೇ, ಅದರ ಎತ್ತರ ಮ್ಯಾನ್ಯುಯಲ್ ಹೇಳಿದಷ್ಟಿದೆಯೇ ಎಂದು ನೋಡುವುದು. ಸ್ಕೋಪ್ ಇಲ್ಲದಿದ್ದರೆ ಪ್ರೀಸೆಟ್ ಮುಟ್ಟಬೇಡಿ. ಮುಟ್ಟಲೇಬೇಕೆಂಬ ಹಠವಿದ್ದರೆ ಕೊನೆಯಪಕ್ಷ ಅದರ ಮೂಲ ಸ್ಥಾನಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಪಿಕಪ್ ನಿಜಕ್ಕೂ ಹೋಗಿದೆ. ಹೊಸದು ಹಾಕುವಾಗ ಗಮನಿಸಬೇಕಾದದ್ದೇನು?

ಮೊದಲು ಅದರ ಮೈಮೇಲಿನ ನಂಬರ್ ಓದಿ, ಸ್ಟೀರಿಯೊದ ಮಾಡೆಲ್ ನಂಬರ್ ಅಲ್ಲ. ಬೇರೆ ಬೇರೆ ಹೆಸರಿನ ಎಷ್ಟೋ ಸ್ಟೀರಿಯೊಗಳ ಒಳಗೆ ಸೋನಿಯ ಕೆಎಸ್‌ಎಸ್-210ಎ, ಕೆಎಸ್‌ಎಸ್-240ಎ, ಕೆಎಸ್‌ಎಸ್-213 ಅಥವಾ ಸಾನ್ಯೊದ ಎಸ್‌ಎಫ್-ಪಿ101ಎನ್ ಇರುತ್ತದೆ. ಇವುಗಳಿಗೆ ನಕಲುಗಳೂ ಬೇಕಾದಷ್ಟಿವೆ. ಕೆಲವು ಚೆನ್ನಾಗಿಯೇ ನಡೆಯುತ್ತವೆ, ಕೆಲವು ಡಬ್ಬಿಯಿಂದ ತೆಗೆದಾಗಲೇ ಸತ್ತಿರುತ್ತವೆ. ಅದಕ್ಕೇ ಹಳೆಯ ಅಸಲಿ ಪಿಕಪ್ ಅನ್ನು ಎಸೆಯುವ ಅವಸರ ಬೇಡ.

ಹೊಸ ಪಿಕಪ್ ಬಂದಾಗ ಅದರ ಸಣ್ಣ ಬೋರ್ಡಿನ ಮೇಲೆ ಎರಡು ಬಿಂದುಗಳನ್ನು ಸೇರಿಸಿದ ಬೆಸುಗೆಯ ಹನಿಯೊಂದು ಇರುವುದುಂಟು. ಕೈಯ ಸ್ಥಿರ ವಿದ್ಯುತ್ತಿನಿಂದ ಡಯೋಡ್ ಸಾಯದಿರಲಿ ಎಂದು ಕಾರ್ಖಾನೆಯಲ್ಲೇ ಹಾಕಿದ ಕಾಪು ಅದು. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಂಡು, ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆಯೇ ಆ ಹನಿಯನ್ನು ತೆಗೆಯಿರಿ. ತೆಗೆಯಲು ಮರೆತು "ಹೊಸದೂ ಕೆಟ್ಟದ್ದೇ" ಎಂದು ಬೈಯುವವರು ಕಮ್ಮಿಯಿಲ್ಲ.

ಫಿಲಿಪ್ಸ್‌ನ ಹಳೆಯ ಸಿಡಿಎಂ ಸರಣಿಯ ಯಂತ್ರಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಕಂಬಿಯಿಲ್ಲ, ಗ್ರಾಮಫೋನ್ ತೋಳಿನಂತೆ ಲೆನ್ಸಿನ ತೋಳೇ ಕಮಾನಿನಲ್ಲಿ ತೂಗುತ್ತದೆ. ಗಟ್ಟಿಮುಟ್ಟು, ನಿಜ. ಆದರೆ ಹೊಸದಾಗಿ ಸಿಗುವುದು ದುರ್ಲಭ. ಅಂಥ ಪ್ಲೇಯರುಗಳಲ್ಲಿ ನಾನು ಮೊದಲು ನೋಡುವುದು ಬೋರ್ಡಿನ ಬೆಸುಗೆಯನ್ನು. ಎರಡು ಬದಿಯನ್ನು ಜೋಡಿಸುವ ಸಣ್ಣ ರಿವೆಟ್ಟುಗಳ ಸುತ್ತ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಹೊಸ ಬೆಸುಗೆ ಹಾಕಿದೊಡನೆ ಎದ್ದು ಕೂತವು ಎಷ್ಟೋ.

ಶುರುವಿನಲ್ಲಿ ಓದುವುದಿಲ್ಲ, ಅರ್ಧ ಗಂಟೆ ಬಿಸಿಯಾದ ಮೇಲೆ ಓದುತ್ತದೆ.

ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಬಿರುಕು ಬೆಸುಗೆ, ಗಟ್ಟಿ ಗ್ರೀಸ್, ಈ ಮೂರರಲ್ಲಿ ಒಂದು. ಪವರ್ ಸಪ್ಲೈ ಮತ್ತು ಮೋಟಾರ್ ಡ್ರೈವರ್ ಐಸಿಯ ಸುತ್ತಮುತ್ತ ಮೊದಲು ಹುಡುಕಿ, ಶಾಖ ಹೆಚ್ಚು ತಿನ್ನುವುದು ಅವೇ. ಕೆಲವು ಬೋರ್ಡುಗಳಲ್ಲಿ ಬಿಡಿಭಾಗ ಅಲುಗದಿರಲೆಂದು ಹಾಕಿದ ಹಳದಿ ಅಂಟು ಹಳತಾಗಿ ಕಂದುಗಟ್ಟಿ, ತಂತಿಯ ಕಾಲುಗಳನ್ನು ತಿನ್ನುತ್ತದೆ, ವಿದ್ಯುತ್ತನ್ನೂ ಸೋರಗೊಡುತ್ತದೆ. ಕಂಡರೆ ಕೆರೆದು ತೆಗೆಯಿರಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದ ದಿನವೇ ಹೀಗಾಗಿದ್ದರೆ ಏನನ್ನೂ ಬಿಚ್ಚಬೇಡಿ, ಲೆನ್ಸಿನ ಮೇಲೆ ಹನಿಗಟ್ಟಿದ ತೇವ ಒಂದೆರಡು ಗಂಟೆಯಲ್ಲಿ ತಾನೇ ಆರುತ್ತದೆ.

ಹಾಗಾದರೆ ಎಲ್ಲ ಕೆಪಾಸಿಟರುಗಳನ್ನೂ ಒಮ್ಮೆಗೇ ಬದಲಿಸಿಬಿಡಲೆ?

ನಾನು ಮಾಡುವುದಿಲ್ಲ. ಓಡದ ಪ್ಲೇಯರಿನಲ್ಲಿ ಅರವತ್ತು ಬಿಡಿಭಾಗ ಬದಲಿಸಿದರೆ ಹೊಸ ತಪ್ಪಿಗೆ ಅರವತ್ತು ಅವಕಾಶ. ಮೊದಲು ದೋಷ ಹುಡುಕಿ ಓಡುವಂತೆ ಮಾಡಿ, ಮಿಕ್ಕಿದ್ದನ್ನು ಆಮೇಲೆ ನೋಡಿ. ಉಬ್ಬಿದವು, ಸೋರಿದವು ಇದ್ದರೆ ಮಾತು ಬೇರೆ.

ಡಿಸ್‌ಪ್ಲೇಯಲ್ಲಿ ಸಮಯ ಓಡುತ್ತಿದೆ, ಸದ್ದೇ ಇಲ್ಲ.

ಖುಷಿಪಡಿ, ಲೇಸರೂ ಮೋಟಾರೂ ಚೆನ್ನಾಗಿವೆ. ಸ್ಟೀರಿಯೊದ ರೇಡಿಯೊ ಹಾಡಿದರೆ ಆಂಪ್ಲಿಫೈಯರೂ ಸರಿಯಿದೆ. ಉಳಿದದ್ದು ನಡುವಿನ ದಾರಿ: ಸಿಡಿ ಆಯ್ಕೆಯ ಸ್ವಿಚ್ಚು, ಸದ್ದಿನ ತಂತಿ ಸಿಕ್ಕಿಸುವ ಕಿಲುಬು ಹಿಡಿದ ಆರ್‌ಸಿಎ ಪಿನ್ನುಗಳು, ಹೆಡ್‌ಫೋನ್ ಸಾಕೆಟ್ಟಿನ ಒಳಗಿನ ಸ್ವಿಚ್, ಮತ್ತು ಸದ್ದು ಅಡಗಿಸುವ ಮ್ಯೂಟಿಂಗ್ ಟ್ರಾನ್ಸಿಸ್ಟರುಗಳು. ಆಯ್ಕೆಯ ಸ್ವಿಚ್ಚನ್ನು ಪ್ಲಗ್ ಕಿತ್ತು ಇಪ್ಪತ್ತು ಮೂವತ್ತು ಸಲ ಆಚೀಚೆ ಆಡಿಸಿದರೇ ಕೆಲವೊಮ್ಮೆ ಸದ್ದು ಬಂದುಬಿಡುತ್ತದೆ.

ಅಂಗಡಿಯಲ್ಲಿ ಕೊಂಡ ಸಿಡಿ ಹಾಡುತ್ತದೆ, ಮನೆಯಲ್ಲಿ ಬರೆದದ್ದು ಹಾಡುವುದಿಲ್ಲ. ಇದೂ ದೋಷವೆ?

ಯಾವಾಗಲೂ ಅಲ್ಲ. ಮೊದಲ ಪ್ಲೇಯರುಗಳು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅಚ್ಚು ಹಾಕಿದ ಡಿಸ್ಕ್ ಬೆಳಕಿನ 70 ಶೇಕಡಾದಷ್ಟನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕದಲ್ಲಿ ಅವು ತಯಾರಾದವು. ಮನೆಯಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಅದಕ್ಕಿಂತ ತುಸು ಕಡಿಮೆ. 1997ರಲ್ಲಿ ಬಂದ, ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಹಿಂದಿರುಗಿಸುವುದು ಬರೀ 15ರಿಂದ 25 ಶೇಕಡಾ, ಹಳೆಯ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಎಂಪಿ3 ತುಂಬಿದ ಡಿಸ್ಕಂತೂ ಆ ಕಾಲದ ಪ್ಲೇಯರಿಗೆ ಅರ್ಥವಾಗದ ಭಾಷೆ. ಆದರೆ ಹೋದ ವರ್ಷ ಹಾಡುತ್ತಿದ್ದ ಸಿಡಿ-ಆರ್ ಈಗ ಹಾಡದಿದ್ದರೆ, ಮತ್ತು ಅದೇ ಡಿಸ್ಕ್ ಬೇರೆ ಯಂತ್ರದಲ್ಲಿ ಹಾಡಿದರೆ, ಲೆನ್ಸ್ ಮಂಕಾಗುತ್ತಿದೆ ಎಂದು ತಿಳಿಯಿರಿ.

ಡಿಸ್ಕಿನ ಮೇಲೆ ಗೀರುಗಳಿವೆ. ಪ್ಲೇಯರಿನ ತಪ್ಪೋ ಡಿಸ್ಕಿನದೋ?

ಯಾವತ್ತೂ ಮೊದಲು ಹೊಸತರಂತಿರುವ ಡಿಸ್ಕಿನಿಂದ ಪರೀಕ್ಷಿಸಿ, ಅರ್ಧ ಅನುಮಾನ ಅಲ್ಲೇ ತೀರುತ್ತದೆ. ಹೊಳೆಯುವ ಬದಿಯ ಸಣ್ಣ ಗೀರುಗಳಿಗೆ ಹೆದರಬೇಕಿಲ್ಲ. ದತ್ತಾಂಶ ಇರುವುದು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ, ಹೆಸರು ಅಚ್ಚಾದ ಪದರದ ಕೆಳಗೇ. ಮೇಲ್ಮೈ ಗೀರು ಲೇಸರಿಗೆ ಫೋಕಸ್ಸಿನಿಂದ ಆಚೆ ಉಳಿಯುತ್ತದೆ. ಸಾಲಿನಲ್ಲಿ ಸುಮಾರು 2.5 ಮಿಲಿಮೀಟರಿನಷ್ಟು ಅಳಿಸಿಹೋದರೂ ಪ್ಲೇಯರಿನ ದೋಷ ತಿದ್ದುವ ವ್ಯವಸ್ಥೆ ಅದನ್ನು ತುಂಬಿಕೊಡಬಲ್ಲದು. ಹೆಸರಿರುವ ಬದಿಯಲ್ಲಿ ಗೀರಿದರೆ ಮಾತ್ರ ದತ್ತಾಂಶವೇ ಕಿತ್ತುಬರುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಒರೆಸಿದರೆ ಬೀಳುವ ಗೀರು ಸಾಲಿನುದ್ದಕ್ಕೇ ಓಡುತ್ತದೆ.

ಮನೆ ಬದಲಾಯಿಸಿದ ಮೇಲೆ ಓದುತ್ತಿಲ್ಲ. ಮೊದಲು ಚೆನ್ನಾಗಿತ್ತು.

ತಳ ತಿರುಗಿಸಿ ನೋಡಿ. ಸಾಗಿಸುವಾಗ ಒಳಗಿನ ಯಂತ್ರ ಅಲುಗದಿರಲೆಂದು ಬಿಗಿಯುವ ಸಾಗಣೆಯ ಸ್ಕ್ರೂ ಹಾಗೇ ಉಳಿದಿದೆಯೇ? ಇದ್ದರೆ ಸಡಿಲಿಸಿ.

ಐದು ಡಿಸ್ಕಿನ ಚೇಂಜರ್ ಬಿಚ್ಚಬಹುದೆ?

ಬಿಚ್ಚಬಹುದು, ಜೋಡಿಸುವುದು ಕಷ್ಟ. ಅದರ ಹಲ್ಲುಚಕ್ರಗಳು ಗಡಿಯಾರದವುಗಳಂತೆ ನಿಶ್ಚಿತ ಜಾಗದಲ್ಲಿ ಒಂದಕ್ಕೊಂದು ಕಚ್ಚಬೇಕು. ಚಕ್ರಗಳ ಮೇಲೆ ಬಾಣದ ಗುರುತೋ ಸಣ್ಣ ರಂಧ್ರವೋ ಇರುತ್ತದೆ, ಅವು ಎದುರುಬದುರು ನಿಲ್ಲಬೇಕು. ಒಂದು ಹಲ್ಲು ತಪ್ಪಿದರೂ ತಟ್ಟೆ ಅಡ್ಡ ಸಿಕ್ಕಿ ಡಿಸ್ಕ್ ಒಳಗೇ ಉಳಿಯುತ್ತದೆ. ಪ್ರತಿ ಸ್ಕ್ರೂಗೂ ಒಂದು ಫೋಟೊ ತೆಗೆಯಿರಿ, ಅತಿಯಾಯಿತು ಅನ್ನಿಸಿದರೂ ಸರಿ.

ಯಾವ ರೀತಿಯಲ್ಲೂ ಸರಿಹೋಗಲಿಲ್ಲ. ಸ್ಟೀರಿಯೊ ಬಿಸಾಡಲು ಮನಸ್ಸಿಲ್ಲ.

ಬಿಸಾಡಬೇಡಿ. ಹಿಂಬದಿಯಲ್ಲಿ ಆಕ್ಸ್, ಟೇಪ್ ಅಥವಾ ಸಿಡಿ ಎಂದು ಬರೆದ ಇನ್‌ಪುಟ್ ಇದ್ದರೆ ಬೇರೊಂದು ಪ್ಲೇಯರನ್ನು ಅದಕ್ಕೆ ಜೋಡಿಸಿ, ಆಂಪ್ಲಿಫೈಯರೂ ಸ್ಪೀಕರುಗಳೂ ಎಂದಿನಂತೆ ಹಾಡುತ್ತವೆ. ಫೋನೊ ಎಂದು ಬರೆದ ಇನ್‌ಪುಟ್ಟಿಗೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ಸೂಜಿಯ ಕೆಲವೇ ಮಿಲಿವೋಲ್ಟಿಗಾಗಿ ಇರುವುದು. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ, ಕರ್ಕಶ ಕಿರುಚಾಟ ಕೇಳಬೇಕಾಗುತ್ತದೆ. ಕೆಲವು ಜೋಡಿ ಸ್ಟೀರಿಯೊಗಳಲ್ಲಿ ಸಿಡಿ ಪೆಟ್ಟಿಗೆಗೆ ಕರೆಂಟೂ ರಿಬ್ಬನ್ ಕೇಬಲಿನಲ್ಲೇ ಹೋಗುತ್ತದೆ. ಆ ಕೇಬಲ್ ಕಿತ್ತರೆ ಆಂಪ್ಲಿಫೈಯರೂ ಏಳದಿರಬಹುದು. ಹಾಗಾದರೆ ಕೆಟ್ಟ ಸಿಡಿ ಪೆಟ್ಟಿಗೆಯನ್ನು ಅದರ ಜಾಗದಲ್ಲೇ, ಕೇಬಲ್ ಸಿಕ್ಕಿಸಿಯೇ ಇಡಿ.